ಕೇಬಲಿನಲ್ಲಿ 2-3 ಕ್ರಾಸ್ ಆದರೆ ಸಾಕು ಅಂತ ನಂಬಿ ಒಂದೂವರೆ ದಿನ ಕಳೆದದ್ದು

ಮಂಗಳೂರಿನ ಬೈಕಂಪಾಡಿಯಲ್ಲಿ ಜುಲೈ ತಿಂಗಳು ಅಂದರೆ ಗೊತ್ತಲ್ವಾ. ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ನಿಂತವರು ಮಾತಾಡಿದ್ದೂ ಕೇಳುವುದಿಲ್ಲ. ಕಡಲು ಹತ್ತಿರ, ಗಾಳಿಯಲ್ಲೇ ಉಪ್ಪು. ಸಂಜೆ ಉಜ್ಜಿಟ್ಟ ಕಬ್ಬಿಣಕ್ಕೆ ಬೆಳಿಗ್ಗೆ ತುಕ್ಕು. ಅಂಥ ಒಂದು ಶೆಡ್ಡಿನಲ್ಲಿ ನಾನು ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಪಿಎಲ್‌ಸಿ, ಡ್ರೈವ್, ಪ್ಯಾನೆಲ್, ಅಂದರೆ ಯಂತ್ರ ನಡೆಸುವ ಇಲೆಕ್ಟ್ರಾನಿಕ್ಸ್, ನನ್ನ ಕೆಲಸ. ರೋಬೊ ನನ್ನ ತಲೆಗೆ ಬಂದದ್ದು ಬೇರೆ ಯಾರೂ ಇಲ್ಲದ ಕಾರಣ.

ರೋಬೊ ಅಂದರೆ ಟಿವಿಯಲ್ಲಿ ತೋರಿಸುವ ಹೊಸ ಮಾಲಲ್ಲ. ಸೆಕೆಂಡ್ ಹ್ಯಾಂಡ್ ವೆಲ್ಡಿಂಗ್ ರೋಬೊ, 1990ರ ದಶಕದ ಕೊನೆಯ ಕಂಟ್ರೋಲರ್. ಕೈ ಈಗಲೂ ಗಟ್ಟಿ, ಸೀಮ್ (ಬೆಸುಗೆಯ ಗೆರೆ) ಬಿಡುವುದು ನೋಡಿದರೆ ಖುಷಿಯಾಗುತ್ತದೆ. ಆದರೆ ಹೊರಗಿನ ಪ್ರಪಂಚಕ್ಕೂ ಅದಕ್ಕೂ ಸಂಪರ್ಕ ಎರಡೇ ದಾರಿಯಲ್ಲಿ: ಒಂದು 1.44 ಎಂಬಿಯ ಫ್ಲಾಪಿ ಡ್ರೈವ್, ಇನ್ನೊಂದು 25 ಪಿನ್ನಿನ ಸೀರಿಯಲ್ ಪೋರ್ಟ್. ಈಥರ್ನೆಟ್ ಕಾರ್ಡು ಹಾಕಿಸುವ ಜಾಗ ಇದೆ, ಕಾರ್ಡು ಇಲ್ಲ.

ಆ ವಾರ ಎರಡು ಸಂಗತಿ ಒಟ್ಟಿಗೆ ಆಯಿತು. ಫ್ಲಾಪಿ ಡ್ರೈವ್ ಓದುವುದು ನಿಲ್ಲಿಸಿತು. ಮೆಮೊರಿ ಬ್ಯಾಟರಿ ಕಡಿಮೆ ಅಂತ ಕೈಯಲ್ಲಿ ಹಿಡಿದು ರೋಬೊ ನಡೆಸುವ ಪೆಟ್ಟಿಗೆ ಪೆಂಡೆಂಟ್‌ನಲ್ಲಿ ವಾರ್ನಿಂಗ್ ಬಂತು. ಈ ಕಂಟ್ರೋಲರಿನಲ್ಲಿ ಪ್ರೋಗ್ರಾಂ ಎಲ್ಲ ಇರುವುದು ಬ್ಯಾಟರಿ ಹಿಡಿದುಕೊಂಡ ಮೆಮೊರಿಯಲ್ಲಿ. ಕರೆಂಟ್ ಹೋಗಿ, ಬ್ಯಾಟರಿಯೂ ಕೈಕೊಟ್ಟರೆ ಕೈ ಎಲ್ಲೆಲ್ಲಿಗೆ ಹೋಗಬೇಕು ಅನ್ನುವ ಒಂದೊಂದು ಪಾಯಿಂಟನ್ನೂ ಮತ್ತೆ ಕಲಿಸಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತದೆ ಅಂತ ಯಾರೂ ಲೆಕ್ಕ ಇಡುವುದಿಲ್ಲ. ಮೊದಲು ಬ್ಯಾಕಪ್, ಆಮೇಲೆ ಬ್ಯಾಟರಿ. ಹಾಗಾಗಿ ಸೀರಿಯಲ್ ಪೋರ್ಟ್ ಒಂದೇ ಗತಿ. (ಯುಎಸ್‌ಬಿ ಫ್ಲಾಪಿ ಎಮ್ಯುಲೇಟರ್, ಅಂದರೆ ಫ್ಲಾಪಿ ಡ್ರೈವಿನ ಜಾಗದಲ್ಲಿ ಕೂತು ಪೆನ್ ಡ್ರೈವ್ ಓದುವ ಪೆಟ್ಟಿಗೆ, ಹಾಕಬಹುದಿತ್ತಲ್ಲ ಅಂತ ಕೇಳುವವರಿಗೆ: ಆರ್ಡರ್ ಹಾಕಿದ್ದೆವು. ಅದು ಬಂದದ್ದು ಎಲ್ಲ ಮುಗಿದ ಮೇಲೆ.)

ಯೋಚನೆ ಸರಳ. ಲ್ಯಾಪ್‌ಟಾಪಿಗೂ ರೋಬೊಗೂ ಒಂದು ಕೇಬಲ್. ಅದರ ಮೇಲೆ ಪಿಪಿಪಿ (ಸೀರಿಯಲ್ ವಯರಿನ ಮೇಲೆ ನೆಟ್ವರ್ಕ್ ನಡೆಸುವ ವಿಧಾನ) ಓಡಿಸಿದರೆ ಎರಡು ತುದಿಗೂ ಒಂದೊಂದು ಐಪಿ ಅಡ್ರೆಸ್ ಸಿಗುತ್ತದೆ. ಆಮೇಲೆ ಎಫ್‌ಟಿಪಿಯಲ್ಲಿ ಫೈಲ್ ತೆಗೆದರಾಯಿತು. ಡಯಲ್-ಅಪ್ ಇಂಟರ್ನೆಟ್ ಕಾಲದಲ್ಲಿ ಮೋಡೆಮ್ ಕುಂಯ್ ಅಂದ ಮೇಲೆ ನಡೆಯುತ್ತಿದ್ದದ್ದು ಇದೇ ಪಿಪಿಪಿ. ಇಲ್ಲಿ ಮೋಡೆಮ್ ಇಲ್ಲ, ಬರೀ ವಯರು.

ಡ್ರಾಯರಿನಲ್ಲಿ ಒಂದು ಕೇಬಲ್ ಇತ್ತು. ಒಂದು ತುದಿ 9 ಪಿನ್, ಇನ್ನೊಂದು 25 ಪಿನ್, ಮೇಲೆ ಪೆನ್ನಿನಲ್ಲಿ 'ರೋಬೊ' ಅಂತ ಬರೆದಿತ್ತು. ನಾನು ಲೇಬಲ್ ನಂಬುವ ಜಾತಿಯಲ್ಲ. ಮಲ್ಟಿಮೀಟರ್ ಬಜರ್‌ಗೆ ಹಾಕಿ ನೋಡಿದೆ. ಈ ಕಡೆಯ 2ನೇ ಪಿನ್ ಆ ಕಡೆಯ 3ಕ್ಕೆ, ಈ ಕಡೆಯ 3 ಆ ಕಡೆಯ 2ಕ್ಕೆ. ಕ್ರಾಸ್ ಇದೆ. ಎರಡು ಕಂಪ್ಯೂಟರ್ ನೇರ ಸೇರಿಸುವಾಗ ಒಂದರ ಕಳಿಸುವ ಪಿನ್ ಇನ್ನೊಂದರ ಕೇಳುವ ಪಿನ್ನಿಗೆ ಹೋಗಬೇಕು, ಅದಕ್ಕೆ 2-3 ಕ್ರಾಸ್ ಬೇಕು ಅಂತ ಕಲಿತದ್ದು ತಲೆಯಲ್ಲಿ ಗಟ್ಟಿ ಕೂತಿದೆ. ಇನ್ನೂ ಭದ್ರವಾಗಲಿ ಅಂತ ದೂರದ ತುದಿಯಲ್ಲಿ 2 ಮತ್ತು 3ನ್ನು ಪೇಪರ್ ಕ್ಲಿಪ್ಪಿನಿಂದ ಶಾರ್ಟ್ ಮಾಡಿ, ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದೆ. ಅಕ್ಷರಗಳು ವಾಪಸ್ ಬಂದವು. ಕೇಬಲ್ ಒಳ್ಳೆಯದು ಅಂತ ತೀರ್ಮಾನಿಸಿ ಆ ವಿಷಯ ಮುಚ್ಚಿಬಿಟ್ಟೆ.

ಅಲ್ಲಿಂದ ಒಂದೂವರೆ ದಿನ ಬೇರೆ ಎಲ್ಲವನ್ನೂ ಬದಲಾಯಿಸಿದೆ. ಸ್ಪೀಡ್ 9600, 19200, 38400. ಪ್ಯಾರಿಟಿ ಇದೆ, ಇಲ್ಲ. ಐಪಿ ಅಡ್ರೆಸ್ ಅಂತೂ ಎಷ್ಟು ಸಲ ಬದಲಾಯಿಸಿದೆನೋ ನನಗೇ ಗೊತ್ತಿಲ್ಲ. ಈಗ ನೆನೆಸಿದರೆ ನಗು ಬರುತ್ತದೆ. ವಯರಿನಲ್ಲಿ ಒಂದು ಅಕ್ಷರ ದಾಟದೆ ಇರುವಾಗ ಐಪಿ ಅಡ್ರೆಸ್ ತಿದ್ದುವುದು ಅಂದರೆ, ಸೇತುವೆಯೇ ಇಲ್ಲದ ಹೊಳೆಯ ಆಚೆ ಮನೆ ನಂಬರ್ ಹುಡುಕಿದ ಹಾಗೆ.

ಮಧ್ಯದಲ್ಲಿ ವಿಂಡೋಸ್‌ನ ಒಂದು ತಮಾಷೆಯೂ ಆಯಿತು. ಅದರಲ್ಲಿ ಎರಡು ಕಂಪ್ಯೂಟರುಗಳ ನಡುವೆ ನೇರ ಕೇಬಲ್ ಅಂತ ಒಂದು ಆಯ್ಕೆ ಇದೆ. ಅದನ್ನೇ ಹಾಕಿದ್ದೆ. ಒತ್ತಿದರೆ ಕನೆಕ್ಟಿಂಗ್ ಅಂತ ತೋರಿಸಿ ಸೋಲುತ್ತದೆ. ಸಂಶಯ ಬಂದು ರೋಬೊ ಜಾಗದಲ್ಲಿ ಇನ್ನೊಂದು ಹಳೆ ಲ್ಯಾಪ್‌ಟಾಪ್ ಇಟ್ಟು, ಟರ್ಮಿನಲ್ ತೆರೆದು, ಏನು ಬರುತ್ತದೆ ಅಂತ ನೋಡಿದೆ. 'ಕ್ಲೈಂಟ್ ಕ್ಲೈಂಟ್ ಕ್ಲೈಂಟ್' ಅಂತ ಬರುತ್ತಿತ್ತು! ಆ ಕಡೆಯೂ ವಿಂಡೋಸ್ ಇರುತ್ತದೆ, ಅದು 'ಕ್ಲೈಂಟ್‌ಸರ್ವರ್' ಅಂತ ಓಗೊಡುತ್ತದೆ ಅಂತ ಅದರ ನಂಬಿಕೆ. ಓಗೊಟ್ಟ ಮೇಲೆಯೇ ಪಿಪಿಪಿ ಶುರು. ರೋಬೊಗೆ ಈ ಶಿಷ್ಟಾಚಾರ ಎಲ್ಲಿಂದ ಗೊತ್ತು? ವಿಂಡೋಸ್ ಬಿಟ್ಟು ಲಿನಕ್ಸ್ ಲ್ಯಾಪ್‌ಟಾಪ್ ತಂದೆ. ಅದರಲ್ಲಿ ಪಿಪಿಪಿ ನಡೆಸುವ ಪ್ರೋಗ್ರಾಂ ಪಿಪಿಪಿಡಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ನೇರ ವಿಷಯಕ್ಕೆ ಬರುತ್ತದೆ. ಏನು ಕಳಿಸಿತು, ಏನು ಬಂತು ಅಂತ ಸಾಲುಸಾಲಾಗಿ ಬರೆದೂ ತೋರಿಸುತ್ತದೆ. ಅದರಲ್ಲೂ ಉತ್ತರ ಒಂದೇ: ಕೇಳಿದೆ, ಕೇಳಿದೆ, ಯಾರೂ ಮಾತಾಡಲಿಲ್ಲ, ಟೈಮ್‌ಔಟ್.

ಗಮನಿಸಿ, ಹಳೆ ಲ್ಯಾಪ್‌ಟಾಪ್ ಜೊತೆ ಮಾತಾಡಲು ನಾನು ಬಳಸಿದ್ದು ಬೇರೆ ಕೇಬಲ್, ಎರಡೂ ಕಡೆ 9 ಪಿನ್ ಇದ್ದದ್ದು. ತಪ್ಪು ರೋಬೊ ಕೇಬಲಿನಲ್ಲೇ ಇರಬಹುದು ಅಂತ ನನಗೆ ಆಗ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

"ಎಂತಾಯ್ತು ಮಾರಾಯ್ರೆ, ಇವತ್ತಾದ್ರೂ ಆಗ್ತದಾ?" ಅಂತ ಪ್ರೊಡಕ್ಷನ್ ಸರ್ ಎರಡು ಸಲ ಬಂದು ಹೋದರು. ಮಂಡೆಬಿಸಿ. ಮಧ್ಯಾಹ್ನದ ಚಾ ಆದ ಮೇಲೆ ಎಲ್ಲ ಕಳಚಿ, ವೋಲ್ಟೇಜಿನಿಂದಲೇ ಶುರು ಮಾಡುವ ಅಂತ ಕೂತೆ. ನಮ್ಮಲ್ಲಿ ಡಿಪ್ಲೊಮಾ ಮುಗಿಸಿ ಬಂದ ಒಬ್ಬಳು ಅಪ್ರೆಂಟಿಸ್ ಇದ್ದಾಳೆ. ಅವಳು ಮ್ಯಾನ್ಯುಯಲ್ ಹಿಡಿದು ಪಿನ್ ಓದುವುದು, ನಾನು ಪ್ರೋಬ್ ಇಡುವುದು.

ಆರ್‌ಎಸ್-232, ಅಂದರೆ ಈ ಸೀರಿಯಲ್ ಪೋರ್ಟ್ ನಡೆಯುವ ಪದ್ಧತಿ, ಅದರಲ್ಲಿ ಒಂದು ಒಳ್ಳೆಯ ಗುಣ ಇದೆ. ಏನೂ ಕಳಿಸದೆ ಸುಮ್ನೆ ಇರುವಾಗಲೂ ಕಳಿಸುವ ಪಿನ್ ಮೈನಸ್ ವೋಲ್ಟೇಜಿನಲ್ಲಿ ಇರುತ್ತದೆ. ಮೈನಸ್ 3ರಿಂದ ಮೈನಸ್ 15ರ ಒಳಗೆ ಎಲ್ಲಾದರೂ. ಕೇಳುವ ಪಿನ್ ಹೆಚ್ಚುಕಡಿಮೆ ಸೊನ್ನೆ. ಅಂದರೆ ಮೀಟರ್ ಇಟ್ಟರೆ ಯಾವ ಪಿನ್ ಬಾಯಿ, ಯಾವುದು ಕಿವಿ ಅಂತ ತಿಳಿಯುತ್ತದೆ.

ಲ್ಯಾಪ್‌ಟಾಪ್ ಕಡೆ, 9 ಪಿನ್ನಿನಲ್ಲಿ, 5 ಗ್ರೌಂಡ್. 3ರಲ್ಲಿ ಮೈನಸ್ 6 ಹತ್ತಿರ. ಸರಿ, 3 ಬಾಯಿ. ರೋಬೊ ಕಡೆ, 25 ಪಿನ್ನಿನಲ್ಲಿ, 7 ಗ್ರೌಂಡ್. ನಾನು 3ಕ್ಕೆ ಇಟ್ಟೆ. ಸೊನ್ನೆ.

"ಪೋರ್ಟೇ ಹೋಗಿದೆ" ಅಂದೆ.

"ಸರ್, ಇದ್ರಲ್ಲಿ 2 ಟ್ರಾನ್ಸ್‌ಮಿಟ್ ಅಂತ ಉಂಟು."

"ಇಲ್ಲ ಮಾರಾಯ್ತಿ, 2 ರಿಸೀವ್."

"ಅದು 9 ಪಿನ್ನಿಗಲ್ವಾ ಸರ್?"

2ಕ್ಕೆ ಇಟ್ಟೆ. ಮೈನಸ್ 10.

ವಿಷಯ ಇಷ್ಟೇ. 9 ಪಿನ್ನಿನ ಕನೆಕ್ಟರಿನಲ್ಲಿ 2 ಕೇಳುವುದು, 3 ಕಳಿಸುವುದು. 25 ಪಿನ್ನಿನದ್ದರಲ್ಲಿ ಅದು ಉಲ್ಟಾ: 2 ಕಳಿಸುವುದು, 3 ಕೇಳುವುದು. ಹಾಗಾಗಿ 9ರಿಂದ 9ಕ್ಕೆ ಹೋಗುವ ಕೇಬಲಿನಲ್ಲಿ 2-3 ಕ್ರಾಸ್ ಇದ್ದರೆ ಅದು ನಿಜವಾದ ಕ್ರಾಸ್. ಆದರೆ 9ರಿಂದ 25ಕ್ಕೆ ಹೋಗುವ ಕೇಬಲಿನಲ್ಲಿ 2-3 ಕ್ರಾಸ್ ಕಂಡರೆ ಅದು ಕ್ರಾಸ್ ಅಲ್ಲವೇ ಅಲ್ಲ, ಮೋಡೆಮಿಗೆ ಹಾಕುವ ನೇರ ಕೇಬಲ್! ನಮಗೆ ಬೇಕಿದ್ದದ್ದು 2ರಿಂದ 2ಕ್ಕೆ, 3ರಿಂದ 3ಕ್ಕೆ, 5ರಿಂದ 7ಕ್ಕೆ. ನಾನು ಹಾಕಿದ್ದ ಕೇಬಲಿನಲ್ಲಿ ಎರಡೂ ಬಾಯಿ ಒಂದೇ ವಯರಿನಲ್ಲಿ, ಎರಡೂ ಕಿವಿ ಇನ್ನೊಂದು ವಯರಿನಲ್ಲಿ. ಇಬ್ಬರೂ ಒಬ್ಬರ ಮುಖಕ್ಕೆ ಒಬ್ಬರು ಬೊಬ್ಬೆ ಹಾಕುತ್ತಿದ್ದರು, ಕೇಳುವವರು ಯಾರೂ ಇಲ್ಲ. ಪುಣ್ಯಕ್ಕೆ ಆರ್‌ಎಸ್-232 ಡ್ರೈವರುಗಳು ಶಾರ್ಟ್ ತಡೆದುಕೊಳ್ಳುವ ಹಾಗೆಯೇ ಮಾಡಿರುವಂಥವು. ಇಲ್ಲದಿದ್ದರೆ ಪೋರ್ಟೂ ಹೋಗುತ್ತಿತ್ತು.

ಪೇಪರ್ ಕ್ಲಿಪ್ಪಿನ ಪರೀಕ್ಷೆ ಯಾಕೆ ಪಾಸಾಯಿತು? ಎರಡು ವಯರು ತುಂಡಾಗಿಲ್ಲ ಅಂತ ಮಾತ್ರ ಅದು ಹೇಳುತ್ತದೆ. ತುದಿಯಲ್ಲಿ ಎರಡನ್ನೂ ಸೇರಿಸಿಬಿಟ್ಟ ಮೇಲೆ ಯಾವುದು ಯಾವುದಕ್ಕೆ ಅನ್ನುವ ಪ್ರಶ್ನೆಯೇ ಉಳಿಯುವುದಿಲ್ಲ. ನೇರ ಕೇಬಲ್ಲೂ ಪಾಸು, ಕ್ರಾಸ್ ಕೇಬಲ್ಲೂ ಪಾಸು. ಆ ಪರೀಕ್ಷೆಯ ಮೇಲೆ ನಾನು ಒಂದೂವರೆ ದಿನ ಭಾರ ಹಾಕಿದ್ದೆ.

25 ಪಿನ್ನಿನ ತಲೆ ಬಿಚ್ಚಿ ಎರಡು ವಯರು ಬದಲಾಯಿಸಿ ಬೆಸುಗೆ ಹಾಕಿದೆ. ಮೂರೇ ವಯರಿನ ಕೇಬಲ್, ಹ್ಯಾಂಡ್‌ಶೇಕಿನ ವಯರುಗಳಿಲ್ಲ, ಅಂದರೆ 'ಕಳಿಸು, ನಿಲ್ಲಿಸು' ಅಂತ ಒಬ್ಬರಿಗೊಬ್ಬರು ಸನ್ನೆ ಮಾಡುವ ವಯರುಗಳು. ಅದಕ್ಕೆ ಪಿಪಿಪಿಡಿಗೆ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಬೇಡ, ಮೋಡೆಮ್ ಸಿಗ್ನಲ್ ಕಾಯಬೇಡ ಅಂತ ಹೇಳಬೇಕು. ಹೇಳದಿದ್ದರೆ ಬಾರದ ಸಿಗ್ನಲಿಗಾಗಿ ಕಾಯುತ್ತಾ ಕೂರುತ್ತದೆ.

ಈ ಸಲ ಮೌನ ಇಲ್ಲ. 'ಸೀರಿಯಲ್ ಲೈನ್ ಈಸ್ ಲೂಪ್ಡ್ ಬ್ಯಾಕ್' ಅಂತ ಬಂತು. ಅಂದರೆ ನಾನು ಕಳಿಸಿದ್ದೇ ನನಗೆ ವಾಪಸ್. ಪಿಪಿಪಿಯಲ್ಲಿ ಪ್ರತಿ ತುದಿಯೂ ಒಂದು ಮ್ಯಾಜಿಕ್ ನಂಬರ್ ಆರಿಸಿ ಕಳಿಸುತ್ತದೆ. ತನ್ನದೇ ನಂಬರ್ ತಿರುಗಿ ಬಂದರೆ ಎದುರಿಗೆ ಕನ್ನಡಿ ಇದೆ ಅಂತ ಅರ್ಥ. ಪೇಪರ್ ಕ್ಲಿಪ್ ತೆಗೆಯಲು ಮರೆತೆನಾ ಅಂತ ನೋಡಿದೆ. ಇಲ್ಲ. ಮೊದಲ ಬಾರಿಗೆ ಖುಷಿಯಾಯಿತು, ಯಾಕೆಂದರೆ ಎಕೋ ಮಾಡಲಿಕ್ಕೂ ಯಾರಾದರೂ ಆ ಕಡೆ ಇರಬೇಕು. ಪಿಪಿಪಿ ನಿಲ್ಲಿಸಿ ಟರ್ಮಿನಲ್ ತೆರೆದು ಎಂಟರ್ ಒತ್ತಿದರೆ ಒಂದು ಪ್ರಾಂಪ್ಟ್ ಬಂತು. ರೋಬೊದ ಆ ಪೋರ್ಟನ್ನು ಯಾರೋ ಹಿಂದೆ ಕನ್ಸೋಲ್ ಅಂತ ಇಟ್ಟಿದ್ದರು. ಮನುಷ್ಯ ಟೈಪ್ ಮಾಡುತ್ತಾನೆ ಅಂದುಕೊಂಡು ಪ್ರತಿ ಅಕ್ಷರವನ್ನೂ ಅದು ತಿರುಗಿ ಬರೆಯುತ್ತಿತ್ತು. ಪೆಂಡೆಂಟಿನಲ್ಲಿ ಸಿಸ್ಟಮ್ ಪ್ಯಾರಾಮೀಟರಿಗೆ ಹೋಗಿ ಪೋರ್ಟಿನ ಕೆಲಸ ಪಿಪಿಪಿ ಅಂತ ಬದಲಾಯಿಸಿ, ಉಸಿರು ಬಿಗಿಹಿಡಿದು ರೀಸ್ಟಾರ್ಟ್ ಮಾಡಿದೆವು. ಬ್ಯಾಟರಿ ವಾರ್ನಿಂಗ್ ಇರುವಾಗ ರೀಸ್ಟಾರ್ಟ್ ಒತ್ತುವುದು ಅಷ್ಟು ಸುಲಭದ ಮಾತಲ್ಲ.

ಲಿಂಕ್ ಬಂತು. ಐಪಿ ವಿಷಯ ಎರಡು ನಿಮಿಷದಲ್ಲಿ ಮುಗಿಯಿತು. ಆಫೀಸಿನ ವೈಫೈ 192.168.1 ಅಂತ ಶುರುವಾಗುತ್ತದೆ, ಅದರೊಟ್ಟಿಗೆ ಗೋಜಲು ಬೇಡ ಅಂತ ಲ್ಯಾಪ್‌ಟಾಪಿಗೆ 10.0.0.1, ರೋಬೊಗೆ 10.0.0.2. ಪಿಂಗ್ ಹೊಡೆದರೆ, ಅಂದರೆ 'ಇದ್ದೀಯಾ' ಅಂತ ಕೇಳಿದರೆ, ಉತ್ತರ ಬಂತು. ಹಿಂದಿನ ದಿನ ನಾನು ಅಷ್ಟು ಒದ್ದಾಡಿದ ಭಾಗ ಇದೇ. ಇನ್ನೊಂದು, ಈ ರೋಬೊ ಎಫ್‌ಟಿಪಿ ಸರ್ವರ್ ಅಲ್ಲ, ಗಿರಾಕಿ. ಅಂಗಡಿ ಲ್ಯಾಪ್‌ಟಾಪಿನಲ್ಲಿ ತೆರೆಯಬೇಕು, ಫೈಲನ್ನು ರೋಬೊವೇ ತಂದು ಇಡುತ್ತದೆ.

38400 ಸ್ಪೀಡಿನಲ್ಲಿ ಒಂದು ಬೈಟಿಗೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್. ಸೆಕೆಂಡಿಗೆ 3840 ಬೈಟ್. ನಮ್ಮ ಎಲ್ಲ ಪ್ರೋಗ್ರಾಂ ಸೇರಿ 600 ಕೆಬಿ ಆಸುಪಾಸು, ಮೂರು ನಿಮಿಷ ಸಾಕು. ಹತ್ತು ನಿಮಿಷ ಆದರೂ ಮುಗಿಯಲಿಲ್ಲ. ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಹೋಗುತ್ತದೆ, ಕಡೆಗೆ ಕಡಿದುಬಿತ್ತು. ಎರರ್ ಲೆಕ್ಕ ನೋಡುತ್ತಾ ಕೂತೆ. ಸುಮ್ನೆ ಇದ್ದದ್ದು ಒಮ್ಮೆಲೇ ಇಪ್ಪತ್ತು ಮೂವತ್ತು ಏರುತ್ತದೆ, ಮತ್ತೆ ಸುಮ್ನೆ. ಆಗ ಕಣ್ಣ ಅಂಚಿನಲ್ಲಿ ನೀಲಿ ಬೆಳಕು. ಪಕ್ಕದ ಬೇಯಲ್ಲಿ ಕೈ ವೆಲ್ಡಿಂಗ್ ನಡೆಯುತ್ತಿತ್ತು. ಆರ್ಕ್ ಹೊಡೆದಾಗ ಎರರ್, ರಾಡ್ ಬದಲಾಯಿಸುವಾಗ ಶಾಂತಿ.

ನಮ್ಮ ಹತ್ತು ಮೀಟರ್ ಕೇಬಲ್ ನೆಲದ ಮೇಲೆ ಅವರ ವೆಲ್ಡಿಂಗ್ ಕೇಬಲಿಗೆ ಅಂಟಿಕೊಂಡೇ ಮಲಗಿತ್ತು. ಆರ್‌ಎಸ್-232ರಲ್ಲಿ ಸಿಗ್ನಲ್ ಅಳೆಯುವುದು ಗ್ರೌಂಡ್ ವಯರಿನ ಮೇಲೆ. ಗ್ರೌಂಡೇ ಕುಣಿದರೆ ಸಿಗ್ನಲ್ಲೂ ಕುಣಿಯುತ್ತದೆ. ಆರ್‌ಎಸ್-422, 485 ಅನ್ನುವ ಬೇರೆ ಪದ್ಧತಿಗಳಲ್ಲಿ ಒಂದು ಜೊತೆ ವಯರಿನ ವ್ಯತ್ಯಾಸ ನೋಡುತ್ತಾರೆ, ಅಲ್ಲಿ ಈ ಉಪದ್ರ ಕಡಿಮೆ. ಒಂದು ಸಮಾಧಾನ ಅಂದರೆ ಪಿಪಿಪಿ ಪ್ರತಿ ಫ್ರೇಮಿಗೂ, ಅಂದರೆ ಡೇಟಾದ ಪ್ರತಿ ಕಂತಿಗೂ, ತಾಳೆ ನೋಡುವ ಚೆಕ್‌ಸಮ್ ಹಾಕುತ್ತದೆ, ಕೆಟ್ಟದ್ದನ್ನು ಎಸೆಯುತ್ತದೆ. ಇದೇ ಕೆಲಸಕ್ಕೆ ಇದ್ದ ಅದಕ್ಕಿಂತ ಹಳೆಯ ವಿಧಾನ ಸ್ಲಿಪ್‌ನಲ್ಲಿ ಆ ಕಾವಲೇ ಇಲ್ಲ.

ಕೇಬಲನ್ನು ಮೂರು ಮೀಟರಿಗೆ ಕತ್ತರಿಸಿದೆ. ಕೇಬಲಿನ ಸುತ್ತಲಿನ ಲೋಹದ ಹೊದಿಕೆ ಶೀಲ್ಡನ್ನು ರೋಬೊ ಕಡೆ ಮಾತ್ರ ಅರ್ತ್ ಮಾಡಿದೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು, ಕಂಟ್ರೋಲರಿನ ಪಕ್ಕದಲ್ಲೇ ಸ್ಟೂಲ್ ಮೇಲೆ ಇಟ್ಟೆ. ಪಕ್ಕದ ಬೇಯವರಿಗೆ "ಅಣ್ಣ, ಐದು ನಿಮಿಷ" ಅಂದೆ. "ಊಟಕ್ಕೇ ಹೋಗ್ತೇವೆ, ನೀವು ಮುಗಿಸಿ" ಅಂದರು. ಮೂರು ನಿಮಿಷ ಚಿಲ್ಲರೆಗೆ ಎಲ್ಲ ಬಂತು. ಇನ್ನೊಮ್ಮೆ ತೆಗೆದು ಎರಡು ಪ್ರತಿಯನ್ನೂ ಹೋಲಿಸಿ ನೋಡಿದೆ. ವ್ಯತ್ಯಾಸ ಇಲ್ಲ.

ಹಳೆ ಲೇಬಲ್ ಕಿತ್ತು ಹೊಸದು ಬರೆಸಿದೆ. ಅಪ್ರೆಂಟಿಸ್ ಕೈಯಲ್ಲೇ ಬರೆಸಿದ್ದು. 'ರೋಬೊ' ಅಂತ ಅಲ್ಲ, '9ರ 2–25ರ 2, 9ರ 3–25ರ 3, 9ರ 5–25ರ 7' ಅಂತ. ಪ್ಯಾನೆಲ್ ಬಾಗಿಲಿನ ಒಳಗೂ ಒಂದು ಅಂಟಿಸಿದ್ದೇವೆ. ಮಳೆಗಾಲದ ತೇವಕ್ಕೆ ಕಾಗದ ಆಗಲೇ ಉಬ್ಬಿದೆ, ಲ್ಯಾಮಿನೇಟ್ ಮಾಡಿಸಬೇಕು.

ಮರುದಿನ ಕಂಟ್ರೋಲರ್ ಆನ್ ಇಟ್ಟುಕೊಂಡೇ ಬ್ಯಾಟರಿ ಬದಲಾಯಿಸಿದೆವು. ಒಂದು ಪಾಯಿಂಟೂ ಹೋಗಲಿಲ್ಲ. ಬ್ಯಾಕಪ್ ಬೇಕಾಗಲೇ ಇಲ್ಲ.

"ಹಾಗಾದ್ರೆ ಮೂರು ದಿನ ಸುಮ್ನೆ ಹೋಯ್ತಲ್ವಾ?" ಅಂತ ಪ್ರೊಡಕ್ಷನ್ ಸರ್ ಕೇಳಿದರು. ನಾನು ಚಾ ಕುಡಿಯುತ್ತಿದ್ದೆ, ಉತ್ತರ ಕೊಡಲಿಲ್ಲ.