ಪಾಸ್ ಅಂದರೆ ಯಾವ ನಿಯಮಕ್ಕೆ ಪಾಸ್?

ತುಮಕೂರಿನ ಹಿರೇಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಡಬ್ಬಿಯೊಳಗೆ ಕೂರುವ ಬೋರ್ಡ್ ಮಾಡುತ್ತೇವೆ. ಬೋರ್‌ನಲ್ಲಿ ನೀರು ಖಾಲಿಯಾದರೆ ಮೋಟಾರ್ ನಿಲ್ಲಬೇಕು, ಒಂದು ಫೇಸ್ ಹೋದರೂ ನಿಲ್ಲಬೇಕು. ನಡುರಾತ್ರಿ ತ್ರೀ ಫೇಸ್ ಬಂದರೆ ಶಿರಾ, ಮಧುಗಿರಿ ಕಡೆಯ ರೈತ ಬ್ಯಾಟರಿ ಹಿಡಿದು ತೋಟಕ್ಕೆ ಓಡದ ಹಾಗೆ ಅದೇ ಶುರುವಾಗಬೇಕು.

ಡಿಸೈನ್ ಮಾಡುವುದು ಕೀಕ್ಯಾಡ್ ಅನ್ನುವ ಸರ್ಕ್ಯೂಟ್ ಬೋರ್ಡ್ ಸಾಫ್ಟ್‌ವೇರ್‌ನಲ್ಲಿ. ದುಡ್ಡು ಕೊಡಬೇಕಾಗಿಲ್ಲ, ಫೈಲುಗಳೂ ತೆರೆದು ಓದಬಹುದಾದ ಸಾದಾ ಟೆಕ್ಸ್ಟ್. ಹಾಗಾಗಿ ಬೋರ್ಡ್ ತಪಾಸಣೆಯ ಮೊದಲ ಸುತ್ತನ್ನು, ತಾನೇ ಕಮಾಂಡ್ ಓಡಿಸಿ ಕೆಲಸ ಮಾಡುವ ಎಐ ಏಜೆಂಟ್‌ಗೆ ಒಪ್ಪಿಸೋಣ ಅಂತ ತೀರ್ಮಾನವಾಯಿತು. ಅದು ಓದಿಕೊಂಡು ಕೆಲಸ ಮಾಡುವಂಥ ಸೂಚನೆ ಬರೆಯುವುದು ನನ್ನ ಪಾಲಿಗೆ ಬಂತು.

ಹೊಸದಾಗಿ ಸೇರುವ ಹುಡುಗರಿಗೆ ಅಂತ ಒಂದು ಹಳೆಯ ಸೂಚನೆ ಇತ್ತು. 'ಇನ್‌ಸ್ಪೆಕ್ಟ್ ಮೆನುಗೆ ಹೋಗಿ, ಡಿಆರ್‌ಸಿ ಓಡಿಸಿ, ಬಾಣದ ಗುರುತು ಬಂದ ಕಡೆ ನೋಡಿ.' ಜೊತೆಗೆ ಸ್ಕ್ರೀನ್‌ಶಾಟ್‌ಗಳು. ಡಿಆರ್‌ಸಿ ಅಂದರೆ ಬೋರ್ಡ್ ಡಿಸೈನ್ ನಿಯಮಗಳನ್ನು ಪಾಲಿಸಿದೆಯಾ ಅಂತ ಕೀಕ್ಯಾಡೇ ಮಾಡುವ ತಪಾಸಣೆ. ಟರ್ಮಿನಲ್‌ನಲ್ಲಿ ಕೆಲಸ ಮಾಡುವ ಏಜೆಂಟ್‌ಗೆ ಮೆನು ಎಲ್ಲಿಂದ ಬರಬೇಕು? ಪುಣ್ಯಕ್ಕೆ 2024ರಲ್ಲಿ ಬಂದ ಕೀಕ್ಯಾಡ್ 8ರಿಂದ ಡಿಆರ್‌ಸಿಯನ್ನೂ, ಸರ್ಕ್ಯೂಟ್ ನಕ್ಷೆಯನ್ನು ತಪಾಸಣೆ ಮಾಡುವ ಇಆರ್‌ಸಿಯನ್ನೂ ಕಮಾಂಡ್ ಲೈನ್‌ನಿಂದಲೇ ಓಡಿಸಬಹುದು. ವರದಿಯನ್ನು ಪ್ರೋಗ್ರಾಂಗಳು ಸುಲಭವಾಗಿ ಓದುವ ಜೇಸನ್ ರೂಪದಲ್ಲಿ ಪಡೆಯಬಹುದು. ಕಮಾಂಡ್‌ಗಳನ್ನು ಬರೆದಿಡುವುದು ಬೇಗ ಮುಗಿಯಿತು.

ಕಷ್ಟ ಇದ್ದದ್ದು ಬೇರೆ ಕಡೆ. ಡಿಆರ್‌ಸಿ ಕಮಾಂಡ್ ಸುಮ್ನೆ ಓಡಿಸಿದರೆ, ಬೋರ್ಡ್‌ನಲ್ಲಿ ನೂರು ದೋಷ ಇದ್ದರೂ ಅದು ಸೊನ್ನೆ ಹೇಳಿ ಮುಗಿಸುತ್ತದೆ. ಸೊನ್ನೆ ಅಂದರೆ 'ಕಮಾಂಡ್ ಸರಿಯಾಗಿ ಓಡಿತು' ಅಂತ ಮಾತ್ರ. ದೋಷ ಸಿಕ್ಕಾಗ ಬೇರೆ ನಂಬರ್ ಬರಬೇಕಾದರೆ ಅದಕ್ಕೇ ಇರುವ ಆಯ್ಕೆಯನ್ನು ಕಮಾಂಡ್‌ಗೆ ಸೇರಿಸಬೇಕು. ಮನುಷ್ಯರಾದರೆ ವರದಿ ತೆರೆದು ನೋಡುತ್ತಾರೆ. ಏಜೆಂಟ್ ಸೊನ್ನೆ ನೋಡಿ ಮುಂದೆ ಹೋಗಿಬಿಡಬಹುದು. ಅಳತೆಯದೂ ಅದೇ ಕಥೆ. ಬೋರ್ಡ್ ಫೈಲಿನಲ್ಲಿ ಅಂಕಿಗಳು ಮಿಲಿಮೀಟರ್‌ನಲ್ಲಿರುತ್ತವೆ, ಪೈಥಾನ್ ಪ್ರೋಗ್ರಾಂ ಮೂಲಕ ಹೋದರೆ ನ್ಯಾನೋಮೀಟರ್. ಒಂದು ಮಿಲಿಮೀಟರ್ ಅಲ್ಲಿ 10,00,000 ಆಗುತ್ತದೆ. ಇಂಥದ್ದನ್ನೆಲ್ಲ ಒಂದೊಂದಾಗಿ ಬರೆದೆ.

ಗ್ರಾಹಕರೊಬ್ಬರು ಕಳಿಸಿದ್ದ ಹಳೆಯ ಪ್ರಾಜೆಕ್ಟ್ ಮೇಲೆ ಏಜೆಂಟ್‌ನ ಓಡಿಸಿದೆವು. ವರದಿ ಬಂತು: ಒಂದೂ ದೋಷವಿಲ್ಲ. ಅದೇ ಬೋರ್ಡ್‌ನ ಸ್ಯಾಂಪಲ್ ಮೇಜಿನ ಮೇಲಿತ್ತು. ನಮ್ಮಲ್ಲಿ ಪ್ಯಾನೆಲ್ ವೈರಿಂಗ್ ಮಾಡುವ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಅವರನ್ನು ಅಣ್ಣ ಅನ್ನುತ್ತೇವೆ. ಅವರು ಬೋರ್ಡನ್ನು ಕಿಟಕಿ ಬೆಳಕಿಗೆ ಹಿಡಿದು, ಫೇಸ್ ಬರುವ ತಾಮ್ರದ ಗೆರೆಗೂ ಪಕ್ಕದ 5 ವೋಲ್ಟ್ ಗೆರೆಗೂ ನಡುವೆ ಉಗುರಿಟ್ಟು ತೋರಿಸಿದರು. ಉಗುರಿನ ತುದಿಯೂ ಹಿಡಿಸಲಿಲ್ಲ.

"ಇಲ್ಲಿ 415 ವೋಲ್ಟ್ ಓಡ್ತದೆ. ಇರುವೆ ಗೂಡು ಕಟ್ಟಿದ್ರೆ? ಹಲ್ಲಿ ಬಿದ್ರೆ? ಇದನ್ನ ಪಾಸ್ ಅಂತದಾ ನಿಮ್ಮ ಏಜೆಂಟು?"

ಪಾಸ್ ಅಂದದ್ದು ಸುಳ್ಳಲ್ಲ. ನೆಟ್ ಕ್ಲಾಸ್ ಅಂದರೆ ಒಂದೇ ನಿಯಮಕ್ಕೆ ಸೇರಿದ ಗೆರೆಗಳ ಗುಂಪು; ನಾವೇನೂ ಹೇಳದಿದ್ದರೆ ಗೆರೆ ಡೀಫಾಲ್ಟ್ ಗುಂಪಿಗೆ ಹೋಗುತ್ತದೆ. ಆ ಫೈಲಿನಲ್ಲಿ ಎಲ್ಲ ಗೆರೆಗಳೂ ಡೀಫಾಲ್ಟ್ ನೆಟ್ ಕ್ಲಾಸ್‌ನಲ್ಲೇ ಇದ್ದವು. ಆ ಕ್ಲಾಸಿಗೆ ಕೀಕ್ಯಾಡ್ ಕೊಡುವ ಕನಿಷ್ಠ ಅಂತರ 0.2 ಮಿಲಿಮೀಟರ್. ಯಾವುದು ಫೇಸು, ಯಾವುದು 5 ವೋಲ್ಟು ಅಂತ ಹೇಳದಿದ್ದರೆ ಡಿಆರ್‌ಸಿಗೆ ಎರಡೂ ಬರೀ ತಾಮ್ರ. ನಾವು ಫೇಸ್‌ಗೂ ಕಂಟ್ರೋಲ್ ಭಾಗಕ್ಕೂ ನಡುವೆ 8 ಮಿಲಿಮೀಟರ್ ಬಿಡುತ್ತೇವೆ. ಅದು ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಗೊತ್ತು, ಆದರೆ ಯಾವ ಕಾಗದದಲ್ಲೂ ಇರಲಿಲ್ಲ.

ಆ ಮಧ್ಯಾಹ್ನವೆಲ್ಲ ಅಣ್ಣನ ಪಕ್ಕದಲ್ಲಿ ಕೂತೆ. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ರಿಲೇ ಕೆಳಗೆ ಬೋರ್ಡ್‌ನಲ್ಲಿ ಸೀಳು ಯಾಕೆ ಬೇಕು, ಡಬ್ಬಿಯೊಳಗೆ ತೇವ ಹಿಡಿದರೆ ಏನಾಗುತ್ತದೆ, ಯಾವ ಜಾಗದಲ್ಲಿ ಜಾಸ್ತಿ ಸುಟ್ಟು ಬರುತ್ತವೆ. ಡಾಕ್ಯುಮೆಂಟೇಶನ್ ಅನ್ನುವ ಕೆಲಸದಲ್ಲಿ ನನಗೆ ಇಷ್ಟು ಖುಷಿ ಹಿಂದೆ ಸಿಕ್ಕಿರಲಿಲ್ಲ. ಇಷ್ಟು ವರ್ಷ ಅವರ ಕೈಯಲ್ಲೇ ಇದ್ದ ವಿದ್ಯೆಯನ್ನು ಬರೆಸಲು ಒಂದು ಯಂತ್ರ ಬರಬೇಕಾಯಿತು, ಅಲ್ವಾ?

8 ಮಿಲಿಮೀಟರ್ ಅಂತರವನ್ನು, ಕೀಕ್ಯಾಡ್‌ಗೆ ನಮ್ಮದೇ ನಿಯಮ ಹೇಳುವ ಕಸ್ಟಮ್ ರೂಲ್ ಫೈಲಿಗೆ ಹಾಕಿದೆವು. ಏಜೆಂಟ್‌ನ ಸೂಚನೆಯಲ್ಲಿ ಕಮಾಂಡ್‌ಗಳಿಗಿಂತ ಮೇಲೆ ಹೊಸ ಸಾಲು ಬಂತು: 'ಫೇಸ್ ಗೆರೆಗಳು ಯಾವ ನೆಟ್ ಕ್ಲಾಸ್‌ನಲ್ಲಿವೆ ಅಂತ ಮೊದಲು ನೋಡು. ಡೀಫಾಲ್ಟ್‌ನಲ್ಲಿದ್ದರೆ ಅಲ್ಲೇ ನಿಲ್ಲು. ನೀನೇ ತಿದ್ದಬೇಡ, ನಮ್ಮನ್ನು ಕೇಳು.' ಕಾರಣವನ್ನೂ ಬರೆದೆವು, ಇರುವೆ, ಹಲ್ಲಿ ಸಮೇತ.

ಅದೇ ಪ್ರಾಜೆಕ್ಟ್ ಮೇಲೆ ಮತ್ತೆ ಓಡಿಸಿದಾಗ ಏಜೆಂಟ್ ಡಿಆರ್‌ಸಿ ತನಕ ಹೋಗಲೇ ಇಲ್ಲ. ಆರ್, ವೈ, ಬಿ ಮೂರೂ ಫೇಸ್ ಗೆರೆಗಳ ಹೆಸರು ಕೊಟ್ಟು, ಇವನ್ನು ಯಾವ ಕ್ಲಾಸಿಗೆ ಸೇರಿಸಲಿ ಅಂತ ಕೇಳಿತು. ಉತ್ತರ ಕೊಟ್ಟ ಮೇಲೆ ಬಂದ ವರದಿಯಲ್ಲಿ ದೋಷಗಳ ಸಾಲೇ ಇತ್ತು, ಅಣ್ಣ ಉಗುರಿಟ್ಟ ಜಾಗವೂ ಸೇರಿ. ಅದನ್ನು ಗ್ರಾಹಕರಿಗೆ ಕಳಿಸಿ, ಲೇಔಟ್ ಬದಲಾಗುವ ತನಕ ಬೋರ್ಡ್ ಆರ್ಡರ್ ಹಾಕುವುದಿಲ್ಲ ಅಂತ ತಿಳಿಸಿದೆವು.