ಆಟಿಯಲ್ಲಿ ಸ್ಲೈಡ್ ಒಣಗಿಸುವ ಕಷ್ಟ

ಜೂನ್ ಬಂತೆಂದರೆ ನಮ್ಮ ಲ್ಯಾಬಿನಲ್ಲಿ ಎಲ್ಲರ ಕಣ್ಣು ಗೋಡೆಯ ತೇವಾಂಶ ಮೀಟರಿನ ಮೇಲೆ. ಜೀನುಗಳನ್ನು ಹೊತ್ತ ಕ್ರೋಮೋಸೋಮ್ ನೋಡುವುದಕ್ಕೂ ಮಂಗಳೂರಿನ ಮಳೆಗೂ ಏನು ಸಂಬಂಧ ಅಂತ ಹೊಸದಾಗಿ ಸೇರಿದ ಹುಡುಗಿ ಕೇಳಿದಳು. ಸಂಬಂಧ ಜಾಸ್ತಿಯೇ ಇದೆ.

ಕಲ್ಚರ್ ಮಾಡಿದ, ಅಂದರೆ ಲ್ಯಾಬಿನಲ್ಲಿ ಬೆಳೆಸಿದ ಬಿಳಿ ರಕ್ತಕಣಗಳನ್ನು ಮೂರು ಪಾಲು ಮೆಥನಾಲ್, ಒಂದು ಪಾಲು ಅಸಿಟಿಕ್ ಆಸಿಡ್‌ನಲ್ಲಿ ಫಿಕ್ಸ್ ಮಾಡಿ ಸ್ಲೈಡಿಗೆ ಹನಿ ಬಿಡುತ್ತೇವೆ. ಆ ಹನಿ ಒಣಗುವ ಹೊತ್ತಿನಲ್ಲೇ ಕ್ರೋಮೋಸೋಮುಗಳು ಹರಡಿಕೊಳ್ಳಬೇಕು. ಬೇಗ ಒಣಗಿದರೆ ಒಂದರ ಮೇಲೊಂದು ಗುಂಪಾಗಿ ಬಿದ್ದಿರುತ್ತವೆ. ತೀರಾ ನಿಧಾನವಾದರೆ ಒಂದು ಕಣದ 46ರಲ್ಲಿ ಕೆಲವು ಪಕ್ಕದ ಕಣದ ಮನೆಗೆ ಹೋಗಿಬಿಡುತ್ತವೆ. ಶೇಕಡಾ 50ರ ಆಸುಪಾಸು ತೇವ ಇದ್ದರೆ ಚೆಂದ. ಆದರೆ ಜುಲೈ-ಆಗಸ್ಟಿನ ಜೋರು ಮಳೆಯ ತುಳು ತಿಂಗಳು ಆಟಿಯಲ್ಲಿ ಇಲ್ಲಿ ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗುತ್ತದೆ! ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಓಡುತ್ತಲೇ ಇರುತ್ತದೆ. ಕರೆಂಟ್ ಹೋಯಿತೋ, ಕೆಲಸವೂ ನಿಂತಿತು.

ಆಮೇಲೆ ಫಿಶ್ (ಫ್ಲೋರೆಸೆನ್ಸ್ ಇನ್ ಸಿಟು ಹೈಬ್ರಿಡೈಸೇಶನ್) ಟೆಸ್ಟ್, ಬೇಕಾದ ಜೀನನ್ನು ಹೊಳೆಯುವ ಚುಕ್ಕೆಯಾಗಿ ನೋಡುವುದು. (ಬೂತಾಯಿ ಮೀನಿನ ಜೋಕು ಬೇಡ, ಕೇಳಿ ಕೇಳಿ ಸಾಕಾಗಿದೆ.) ಹೊಳೆಯುವ ಬಣ್ಣ ಅಂಟಿಸಿದ ಡಿಎನ್‌ಎ ತುಂಡೇ ಪ್ರೋಬ್. 73 ಡಿಗ್ರಿಯಷ್ಟು ಬಿಸಿ ಮಾಡಿದರೆ ಡಿಎನ್‌ಎಯ ಎರಡೆಳೆ ಬೇರೆಯಾಗುತ್ತವೆ. 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೆ ಪ್ರೋಬ್ ತನಗೆ ಹೊಂದುವ ಜಾಗ ಹುಡುಕಿ ಕೂರುತ್ತದೆ. ತಮಾಷೆ ನೋಡಿ, ಇಲ್ಲಿ ಮಾತ್ರ ತೇವ ಬೇಕೇ ಬೇಕು. ಒದ್ದೆ ಟಿಶ್ಯೂ ಹಾಕಿದ ಡಬ್ಬಿಯಲ್ಲಿ ಸ್ಲೈಡ್ ಇಡುತ್ತೇವೆ. 1969ರಲ್ಲಿ ವಿಜ್ಞಾನಿಗಳಾದ ಜೋಸೆಫ್ ಗಾಲ್, ಮೇರಿ ಲೂ ಪಾರ್ಡ್ಯೂ ಇದನ್ನೇ ವಿಕಿರಣದ ಗುರುತು ಹಾಕಿ ಮಾಡಿದ್ದರು. ಆ ವಿಧಾನದಲ್ಲಿ ಚಿತ್ರ ಮೂಡಲು ವಾರಗಟ್ಟಲೆ ಕಾಯಬೇಕಿತ್ತು. ನಮಗೆ ಮರುದಿನವೇ ಕಾಣುತ್ತದೆ.

ನನಗೆ ಇಷ್ಟವಾದದ್ದು ಕತ್ತಲೆ ಕೋಣೆಯ ಎಣಿಕೆ. ಡಾಪಿ ಎಂಬ ಬಣ್ಣ ಹಾಕಿದ ನ್ಯೂಕ್ಲಿಯಸ್ (ಕ್ರೋಮೋಸೋಮುಗಳಿರುವ ಕೋಶಕೇಂದ್ರ) ನೀಲಿ. ಸಿಎಂಎಲ್ ಎಂಬ ರಕ್ತ ಕ್ಯಾನ್ಸರಿನ ಸಂಶಯವಿದ್ದರೆ 9ನೇ ಕ್ರೋಮೋಸೋಮಿನ ಎಬಿಎಲ್ ಜೀನಿಗೆ ಕೆಂಪು, 22ರ ಬಿಸಿಆರ್‌ಗೆ ಹಸಿರು. ಎಲ್ಲ ಸರಿ ಇದ್ದರೆ ಎರಡು ಕೆಂಪು, ಎರಡು ಹಸಿರು ಚುಕ್ಕೆ. ಈ ಎರಡು ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿದ್ದರೆ ಸಾಮಾನ್ಯವಾಗಿ ಒಂದು ಕೆಂಪು, ಒಂದು ಹಸಿರು, ಎರಡು ಹಳದಿ (ಕೆಂಪು, ಹಸಿರು ಸೇರಿ ಆದದ್ದು). ಹಳದಿ ಕಂಡ ಕೂಡಲೇ ಹೌದು ಅನ್ನುವ ಹಾಗಿಲ್ಲ. ಕೆಂಪು, ಹಸಿರು ಸುಮ್ನೆ ಒಂದರ ಮೇಲೊಂದು ಬಿದ್ದಿರಬಹುದು. ಅದಕ್ಕೇ 200 ನ್ಯೂಕ್ಲಿಯಸ್, ಇಬ್ಬರು ಬೇರೆ ಬೇರೆ ಕೂತು ಎಣಿಸುತ್ತೇವೆ. ಈ ಎಣಿಕೆಗೆ ಇಡೀ ನ್ಯೂಕ್ಲಿಯಸ್ ಸಾಕು. ಜೀನ್ ಯಾವ ಕ್ರೋಮೋಸೋಮಿನ ಮೇಲೆ ಕೂತಿದೆ ಅಂತ ನೋಡಲು ಮಾತ್ರ ಚೆನ್ನಾಗಿ ಹರಡಿದ ಸ್ಲೈಡೇ ಆಗಬೇಕು.

ಪ್ರೋಬ್ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ. ಮಗುವಿನ 22ನೇ ಕ್ರೋಮೋಸೋಮಿನಲ್ಲಿ ಸಣ್ಣ ತುಂಡು ಬಿಟ್ಟುಹೋಗಿದೆಯಾ ಅಂತ ನೋಡಲು ಅದರದೇ ಪ್ರೋಬ್ ಹಾಕಬೇಕು. ಎಲ್ಲ ಕ್ರೋಮೋಸೋಮುಗಳನ್ನು ಜೋಡಿಸಿ ನೋಡುವ ಮಾಮೂಲಿ ಕ್ಯಾರಿಯೋಟೈಪಿಂಗ್‌ನಲ್ಲಿ ಅಷ್ಟು ಸಣ್ಣದು ಕಾಣುವುದೇ ಕಷ್ಟ. ಆದರೂ ಫಾರ್ಮಿನಲ್ಲಿ ಬರೀ 'ಫಿಶ್' ಅಂತ ಗೀಚಿ ಕಳಿಸುವ ಡಾಕ್ಟರುಗಳಿದ್ದಾರೆ. ಯಾವುದಕ್ಕೆ ಅಂತ ಗೊತ್ತಿಲ್ಲದೆ ನಾವು ಏನು ಹಾಕುವುದು? ಜೀನಿನ ಹೆಸರು ಬೇಡ ಮಾರಾಯ್ರೆ, ಯಾವ ಕಾಯಿಲೆಯ ಸಂಶಯ ಅಂತಾದರೂ ಬರೆಯಿರಿ. ಮತ್ತೆ, ಕಲ್ಚರಿಗೆ ರಕ್ತ ಹಸಿರು ಮುಚ್ಚಳದ, ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಹಾಕಿದ ಟ್ಯೂಬಿನಲ್ಲೇ ಬರಲಿ.