ಅಜ್ಜಿ ಒಪ್ಪಿಕೊಂಡರಂತೆ

ಮೊನ್ನೆ ಭಾನುವಾರ ನಮ್ಮ ಅಂಗಳದಲ್ಲಿ ಅಮ್ಮನನ್ನು ಹಪ್ಪಳ ಕದ್ದ ಆರೋಪದ ಮೇಲೆ ಹಿಡಿದರು. ಹಿಡಿದವರು ಮೂವರು. ಒಂದು ತಾಟೆ ಮೀನು, ಒಂದು ನಾಯಿ, ಒಂದು ಬೆಕ್ಕು. ತಾಟೆ ಮೀನು ನನ್ನ ಮಗಳು, ಏಳು ವರ್ಷ. ನಾಯಿ ಮತ್ತು ಬೆಕ್ಕು ಪಕ್ಕದ ಮನೆಯ ತಮ್ಮ-ಅಕ್ಕ.

ತಪ್ಪು ನನ್ನದೇ. ರಜೆಯಲ್ಲಿ ಮಗಳು ಮೊಬೈಲಿನಲ್ಲಿ ಏನೇನೋ ನೋಡ್ತಾಳೆ ಅಂತ ಕಿರಿಕಿರಿಯಾಗಿ, ನೋಡೂದಾದ್ರೆ ಇದನ್ನು ನೋಡು ಅಂತ ನಾನೇ ಜಬ್ಬರ್‌ಜಾ ಹಾಕಿ ಕೊಟ್ಟಿದ್ದೆ. 1976ರ ಅಮೆರಿಕದ ಕಾರ್ಟೂನು, ಹನ್ನಾ-ಬಾರ್ಬೆರಾ ಕಂಪನಿಯದ್ದು. ಒಟ್ಟು ಬಂದದ್ದೇ 16 ಕಂತು. ಕತೆ ನಡೆಯುವುದು 2076ರಲ್ಲಿ, ಕಡಲಿನ ಅಡಿಯಲ್ಲಿ. ಅಲ್ಲಿ ನಾಲ್ಕು ಹುಡುಗ ಹುಡುಗಿಯರ ಒಂದು ಬ್ಯಾಂಡ್. ಅವರಿಗೆ ಡ್ರಮ್ಸ್ ಬಾರಿಸುವುದು ಒಂದು ದೊಡ್ಡ ಶಾರ್ಕ್. ಹಾಡ್ಲಿಕ್ಕೆ ಅಂತ ಹೋದಲ್ಲೆಲ್ಲ ಯಾರಾದರೂ ದುಷ್ಟ ಸಿಗ್ತಾನೆ, ಇವರು ಅವನ ಹಿಂದೆ ಬೀಳ್ತಾರೆ. ಶಾರ್ಕಿಗೆ ಮಹಾ ಹೆದರಿಕೆ. ಮೇಲಿಂದ ಅದು ಎಲ್ಲಿಗೆ ಹೋದರೂ ಬಾಗಿಲಲ್ಲಿ ರೋಬೋಟ್ ಹಿಡಿದು ಹೊರಗೆ ಎಸೆಯುತ್ತದೆ, ಶಾರ್ಕುಗಳಿಗೆ ಒಳಗೆ ಪ್ರವೇಶ ಇಲ್ಲ. ಆಗ ಅದು ನನಗೆ ಮರ್ಯಾದೆಯೇ ಇಲ್ಲ ಅಂತ ಗೋಳಾಡ್ತದೆ.

ಮಗಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಎರಡೇ ದಿನದಲ್ಲಿ ಪಕ್ಕದ ಮನೆ ಮಕ್ಕಳಿಗೆ ಪೂರ್ತಿ ಕತೆ ಹೇಳಿ ಮುಗಿಸಿದ್ದಳು. ಮಲಯಾಳದಲ್ಲಿ. ರಸ್ತೆಯಲ್ಲಿ ಮೀನಿನವನು ಸ್ರಾವ್ ಅಂತ ಕೂಗುವುದು ಕೇಳಿ ಕೇಳಿ ಅವಳಿಗೆ ಶಾರ್ಕ್ ಅಂದ್ರೆ ಸ್ರಾವ್ ಅಂತ ಗೊತ್ತು. ಅಜ್ಜಿಗೆ ಹೇಳುವಾಗ ಮಾತ್ರ ತಾಟೆ. ನಾವು ಮೀನು ತಿನ್ನುವವರಲ್ಲ, ಕಾಸರಗೋಡಿನ ಕುಂಬಳೆಯಲ್ಲಿದ್ದ ಮೇಲೆ ಹೆಸರು ಗೊತ್ತಿರಲೇಬೇಕು.

ಅಮ್ಮ ಇದನ್ನೆಲ್ಲ ಕೇಳಿ ನಕ್ಕಿರಲಿಲ್ಲ. ಅವರ ಅಪ್ಪ ಯಕ್ಷಗಾನದಲ್ಲಿ ಮದ್ದಳೆ ಬಾರಿಸುತ್ತಿದ್ದವರು. "ತಾಟೆ ಚೆಂಡೆ ಬಾರಿಸೂದು ದೊಡ್ಡದಾ? ನಮ್ಮಲ್ಲಿ ಹದ್ದು ಸಾಕ್ಷಿ ಹೇಳಿದೆ, ಮಂಗ ಉಂಗುರ ಹಿಡ್ಕೊಂಡು ಹುಡುಕ್ಲಿಕ್ಕೆ ಹೋಗಿದೆ, ಕರಡಿ ಅದಕ್ಕೆ ಧೈರ್ಯ ಹೇಳಿದೆ. ಎಲ್ಲ ಪದ ಹೇಳಿಕೊಂಡೇ ಆದದ್ದು" ಅಂದಿದ್ದರು. ಹೌದಲ್ವಾ ಅನ್ನಿಸಿತು. ಸೀತೆ ಕೆಳಗೆ ಹಾಕಿದ ಒಡವೆಯ ಗಂಟನ್ನು ಎತ್ತಿಟ್ಟದ್ದು ಕಪಿಗಳೇ. ಅಷ್ಟು ಚೆಂದದ ಸುಳಿವು ಯಾವ ಪತ್ತೇದಾರಿ ಕತೆಯಲ್ಲಿ ಉಂಟು? ರಾಮಾಯಣದ ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರಲ್ಲಿ ಕೂತು ನಾನು ಮಗಳಿಗೆ ಅಮೆರಿಕದ ಶಾರ್ಕ್ ತೋರಿಸಿದ್ದೇನೆ. ಇರಲಿ.

ಹಪ್ಪಳದ ವಿಷಯಕ್ಕೆ ಬರ್ತೇನೆ. ಅಮ್ಮ ಹಲಸಿನ ಹಪ್ಪಳ ಒತ್ತಿ ಅಂಗಳದ ಚಾಪೆಯಲ್ಲಿ ಒಣಗಲು ಹಾಕಿದ್ದರು. ಅವರು ಎಣಿಸಿಯೇ ಹಾಕುವುದು. ಮಧ್ಯಾಹ್ನ ನೋಡುವಾಗ ಹನ್ನೆರಡು ಕಡಿಮೆ. "ಹನ್ನೆರಡು ಹೋಯ್ತು" ಅಂತ ಜಗಲಿಯಿಂದ ಕೂಗಿದರು. ಅಷ್ಟು ಸಾಕಾಯ್ತು. ಬ್ಯಾಂಡ್ ತಯಾರು. ಹಪ್ಪಳ ತುಂಬಿಸುವ ತಗಡಿನ ಡಬ್ಬ ಕವುಚಿ ಹಾಕಿ, ಅದರ ಮುಚ್ಚಳ ಪಕ್ಕದಲ್ಲಿ ಇಟ್ಟು, ಮಗಳು ಎರಡು ಮರದ ಸಟ್ಟುಗದಲ್ಲಿ ಬಾರಿಸತೊಡಗಿದಳು. ಹುಡುಗನಿಗೆ ಬ್ಯಾಡ್ಮಿಂಟನ್ ಬ್ಯಾಟೇ ಗಿಟಾರ್. ಅವನ ಅಕ್ಕ ಹಾಡುವವಳು. ಅವಳ ಕಂಠ ನಿಜಕ್ಕೂ ಒಳ್ಳೆಯದು, ನನ್ನ ಮಗಳದ್ದು ಅಪ್ಪನದ್ದೇ.

ಕಳ್ಳ ಯಾರಾಗುವುದು? ಮೂವರೂ ತಯಾರಿಲ್ಲ. ಮಗಳು ತೀರ್ಪು ಕೊಟ್ಟಳು. "ಅಜ್ಜಿ ಕಳ್ಳ ಆಗ್ಲಿ."

"ಅಜ್ಜಿ ಯಾಕೆ?" ಅಂತ ನಾನು ಜಗಲಿಯಿಂದಲೇ ಕೇಳಿದೆ.

"ಪತ್ತೇದಾರರಿಗೆ ಕನ್ನಡ ಬರೂದಿಲ್ಲ ಅಲ್ವಾ ಅಪ್ಪ. ಕಳ್ಳನಿಗೆ ಬೇರೆ ಭಾಷೆ ಬೇಕು."

ಇದು ನನಗೆ ಚುಚ್ಚಿತು. ಹೀಗೆ ಚುಚ್ಚಿಸಿಕೊಳ್ಳಲು, ನಮ್ಮೂರು ಕೇರಳಕ್ಕೆ ಸೇರಿದ 1956ರಿಂದ ನಮಗೆ ಅಭ್ಯಾಸ ಉಂಟು. ಆದರೆ ಅಮ್ಮ ಖುಷಿಯಿಂದಲೇ ಎದ್ದರು. ಅಷ್ಟೇ ಅಲ್ಲ, ಬೈರಾಸನ್ನು ತೆರೆ ಹಾಗೆ ಹಿಡಿದು, ಅದರ ಹಿಂದಿನಿಂದ ರಾಕ್ಷಸನ ವೇಷ ಬಂದಂತೆ ಒಮ್ಮೆ ಇಣುಕಿ ಗರ್ಜಿಸಿದರು. ಎಪ್ಪತ್ತು ವರ್ಷ, ಮಂಡಿನೋವು ಬೇರೆ. ನಾಯಿ ಎರಡು ಹೆಜ್ಜೆ ಹಿಂದೆ ಹೋಯಿತು.

ವಿಚಾರಣೆ ಶುರುವಾಯಿತು. "ಪಪ್ಪಡಂ ಎವಿಡೆ?" ಅಂತ ನಾಯಿ ಕೇಳಿತು.

ಅಮ್ಮ ಕನ್ನಡದಲ್ಲೇ ಸುರಿಸಿದರು. "ನಾನು ಮಾಡಿದ ಹಪ್ಪಳ ನಾನೇ ಯಾಕೆ ಕದಿಯೂದು ಮಾರಾಯ? ಸೊಳೆ ಬಿಡಿಸಿದ್ದು ನಾನು, ಬೇಯಿಸಿದ್ದು ನಾನು, ಗುದ್ದಿದ್ದು ನಾನು, ಒತ್ತಿದ್ದು ನಾನು. ಸೊಂಟ ಬಿದ್ದು ಹೋಗಿದೆ. ಆ ತೆಂಗಿನ ಮರದಲ್ಲಿ ಕೂತಿದೆಯಲ್ಲ ಕಾಗೆ, ಅದನ್ನು ಕೇಳು ಹೋಗು."

ನಾಯಿಯೂ ಬೆಕ್ಕೂ ನನ್ನ ಮಗಳ ಮುಖ ನೋಡಿದರು. "ಎಂದಾ ಪರಞ್ಞದ್?"

ಮಗಳು ಡಬ್ಬಕ್ಕೆ ಒಂದು ಪೆಟ್ಟು ಕೊಟ್ಟು ಹೇಳಿದಳು. "ಞಾನಾಣ್ ಕಟ್ಟದ್ ಎನ್ನ್."

ನಾನೇ ಕದ್ದದ್ದು ಅಂತ. ಅಷ್ಟೇ. ಸೊಳೆ ಇಲ್ಲ, ಸೊಂಟ ಇಲ್ಲ, ಕಾಗೆ ಇಲ್ಲ. ಮಕ್ಕಳು ಹೋ ಅಂತ ಕೂಗಿದರು. ಅಮ್ಮ ಎರಡೂ ಕೈ ಮುಂದೆ ಚಾಚಿದರು. ಅದೇ ಬೈರಾಸಿನಲ್ಲಿ ಕಟ್ಟಿ ಕರೆದುಕೊಂಡು ಹೋದರು, ಹಿಂದಿನಿಂದ ಡಬ್ಬದ ಬಡಿತ.

ವಾರ ಇಡೀ ನನಗೆ ಅದೇ ಕಾಣುತ್ತಿದೆ. ಅಮ್ಮ ಅಷ್ಟುದ್ದ ಹೇಳಿದ್ದು, ಮಗಳ ಒಂದು ಪೆಟ್ಟು, ಆ ಮೂರು ಶಬ್ದ.

ಸಂಜೆ ಮಗಳನ್ನು ಹಿಡಿದು ಕೇಳಿದೆ, ಸುಳ್ಳು ಯಾಕೆ ಹೇಳಿದ್ದು ಅಂತ. ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಇಲ್ಲದಿದ್ರೆ ಕತೆ ಮುಗಿಯೂದಿಲ್ಲ ಅಲ್ವಾ? ಕೊನೆಗೆ ಕಳ್ಳ ಒಪ್ಪಲೇಬೇಕು."

ಅವಳು ಹೇಳಿದ್ದು ಸರಿಯೇ. ಈ ಜಾತಿಯ ಕಾರ್ಟೂನು ಕಟ್ಟಿರುವುದೇ ಹಾಗೆ. 1969ರಲ್ಲಿ ಅದೇ ಕಂಪನಿಯ ಸ್ಕೂಬಿ ಡೂ ಎಂಬ ನಾಯಿಯ ಕಾರ್ಟೂನು ಶುರುವಾದಾಗಿನಿಂದ ಅದೇ. ಕೊನೆಗೆ ಭೂತದ ಮುಖವಾಡ ಎಳೆದರೆ ಒಳಗೆ ಯಾರೋ ಪರಿಚಯದವನು, ಅವನು ಹಲ್ಲು ಕಡಿಯುತ್ತಾ ಒಪ್ಪಿಕೊಳ್ತಾನೆ. ಅಂದ ಹಾಗೆ ಸ್ಕೂಬಿಯನ್ನೂ ಮೊದಲು ಯೋಚಿಸಿದ್ದು ಬ್ಯಾಂಡಿನ ನಾಯಿ ಅಂತಲೇ, ಅದು ಬೋಂಗೋ ಬಾರಿಸಬೇಕಿತ್ತು. ಆಮೇಲೆ ಬ್ಯಾಂಡ್ ಬಿಟ್ಟುಹೋಯಿತು, ನಾಯಿ ಉಳಿಯಿತು. ಮರುವರ್ಷ ಅವರದ್ದೇ ಜೋಸಿ ಎಂಬ ಹುಡುಗಿಯ ಕಾರ್ಟೂನಿನಲ್ಲಿ ಬ್ಯಾಂಡ್ ಬಂತು, ಆಮೇಲೆ ಶಾರ್ಕಿನ ಜೊತೆ ಇನ್ನೊಮ್ಮೆ ಬಂತು. ನಾಯಿ ಬದಲಾಗ್ತದೆ, ಶಾರ್ಕ್ ಬರ್ತದೆ, ಗಿಟಾರ್ ಬರ್ತದೆ, ಹೋಗ್ತದೆ. ಕಳ್ಳ ಸಿಕ್ಕಿಬೀಳುವುದು ಮಾತ್ರ ಬದಲಾಗುವುದಿಲ್ಲ. ಹಿಡಿದವರಿಗೆ ಅವನ ಭಾಷೆ ಬರ್ತದಾ, ನಡುವೆ ನಿಂತು ಹೇಳುವವರು ಯಾರು, ಇದೆಲ್ಲ ಅಲ್ಲಿ ಪ್ರಶ್ನೆಯೇ ಅಲ್ಲ.

ನಮ್ಮಲ್ಲಿ ಪ್ರಶ್ನೆ ಅದೊಂದೇ. ನಾನು ಹತ್ತನೇ ವಯಸ್ಸಿನಿಂದ ಅಮ್ಮನಿಗೆ ದುಭಾಷಿ. ಆಸ್ಪತ್ರೆ, ಬ್ಯಾಂಕು, ಬಸ್ಸಿನ ಬೋರ್ಡು. ಇಲ್ಲಿ ಕನ್ನಡದಲ್ಲೂ ಅರ್ಜಿ ಕೊಡಬಹುದು ಅಂತ ಕಾನೂನು ಉಂಟು. ಕೌಂಟರಿನಲ್ಲಿ ನಿಂತವನಿಗೆ ಕಾನೂನಿಗಿಂತ ಪಕ್ಕದಲ್ಲಿ ಮಲಯಾಳ ಬರುವ ಒಬ್ಬ ಮಗ ಇದ್ದರೆ ಬೇಗ ಕೆಲಸ ಆಗ್ತದೆ, ಅಷ್ಟೇ.

ಅಪ್ಪ ತೀರಿಹೋದ ವರ್ಷ ಜಾಗವನ್ನು ಅಮ್ಮನ ಹೆಸರಿಗೆ ಮಾಡಿಸಲು ಒಂದು ಕಚೇರಿಗೆ ಹೋಗಿದ್ದೆವು. ಅಲ್ಲಿದ್ದವರು ಅಮ್ಮನನ್ನೇ ನೋಡುತ್ತಾ ಐದು ನಿಮಿಷ ಮಾತಾಡಿದರು. ಚಿಕ್ಕಪ್ಪ ತಕರಾರು ಕೊಟ್ಟಿದ್ದಾರೆ ಅಂದರು. ಹದಿಮೂರು ದಿನದ ಊಟ ಉಂಡು ಹೋದ ಅದೇ ಚಿಕ್ಕಪ್ಪ. (ಅವರ ಬಗ್ಗೆ ಬರೆಯತೊಡಗಿದರೆ ಇನ್ನೊಂದು ಬರಹ ಆದೀತು.) ಇಷ್ಟು ವರ್ಷ ಇಲ್ಲಿದ್ದೂ ನಾಲ್ಕು ಮಾತು ಮಲಯಾಳ ಕಲಿಯಲಿಲ್ಲವಾ ಅಂತಲೂ ಅಂದರು. ಜೋರಾಗಿ ಅಲ್ಲ, ನಗುತ್ತಲೇ.

ನಾನು ಅಮ್ಮನ ಕಡೆ ತಿರುಗಿ ಹೇಳಿದೆ. "ಮುಂದಿನ ವಾರ ಬರ್ಲಿಕ್ಕೆ ಹೇಳಿದ್ರು."

"ಅಷ್ಟುದ್ದ ಹೇಳಿದ್ದು ಅಷ್ಟೇಯಾ?"

"ಅಷ್ಟೇ."

ಅಮ್ಮನಿಗೆ ಬೇಜಾರಾಗಬಾರದು ಅಂತ ಹಾಗೆ ಮಾಡಿದೆ ಅಂದುಕೊಂಡಿದ್ದೆ. ಈಗ ನೋಡಿದರೆ, ಅಲ್ಲಿ ನಿಂತು ಅದನ್ನೆಲ್ಲ ವಿವರಿಸುವ ತಲೆಬಿಸಿ ನನಗೇ ಬೇಡವಾಗಿತ್ತು. ನನಗೂ ಕತೆ ಮುಗಿಯಬೇಕಿತ್ತು. ಚಿಕ್ಕಪ್ಪನ ಹತ್ತಿರ ನಾನೇ ಹೋಗಿ ಮಾತಾಡಿ ಸರಿಮಾಡಿದೆ. ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ.

ಆ ಭಾನುವಾರ ರಾತ್ರಿ ಅಮ್ಮ ಒಣಗಿದ ಹಪ್ಪಳ ಎಣಿಸಿ ಕಟ್ಟು ಮಾಡುತ್ತಿದ್ದರು. ನಾನು ನಗುತ್ತಾ ಹೇಳಿದೆ. "ನಿನ್ನ ಪುಳ್ಳಿ ಎಂತ ಹೇಳಿದ್ದು ಗೊತ್ತುಂಟಾ? ಕದ್ದದ್ದು ನೀನೇ ಅಂತ ಒಪ್ಪಿಕೊಂಡಿದ್ದಿ."

"ಗೊತ್ತುಂಟು" ಅಂದರು ಅಮ್ಮ, ಎಣಿಸುವುದು ನಿಲ್ಲಿಸದೆ. "ನನಗೆ ಕಿವಿ ಇಲ್ವಾ? ವಿಟ್ಲದಿಂದ ಇಲ್ಲಿಗೆ ಬಂದು ನಲ್ವತ್ತೇಳು ವರ್ಷ ಆಯ್ತು. ಮಾತಾಡ್ಲಿಕ್ಕೆ ನಾಲಿಗೆ ತಿರುಗೂದಿಲ್ಲ. ಕೇಳ್ಲಿಕ್ಕೆ ಎಂತ?"

"ಮತ್ತೆ ಸುಮ್ನೆ ಕೈ ಚಾಚಿದ್ದು?"

"ಮಕ್ಕಳು. ಆಟ ಮುಗಿಸ್ಲಿ ಅಂತ."

ಇಪ್ಪತ್ತೈದರ ಒಂದು ಕಟ್ಟಿಗೆ ಬಾಳೆನಾರು ಸುತ್ತಿ ಪಕ್ಕಕ್ಕಿಟ್ಟರು. ಇನ್ನೊಂದು ಕಟ್ಟು. ಆ ಕಚೇರಿಯ ವಿಷಯ ನನ್ನ ಬಾಯಿಯ ತನಕ ಬಂತು. ಅಮ್ಮ ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದರು. ಮುಚ್ಚಳ ಕೊಡು ಅಂದರು.

ಕೊಟ್ಟೆ. ಸಟ್ಟುಗದ ಪೆಟ್ಟಿಗೆ ಅದರ ಅಂಚು ಸೊಟ್ಟ ಆಗಿತ್ತು. ಡಬ್ಬಕ್ಕೆ ಕೂರಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ಅಮ್ಮ ಅದರ ಮೇಲೆ ಒಂದು ತೆಂಗಿನಕಾಯಿ ಹೇರಿ ಮಲಗಲು ಹೋದರು.